ಲೆನಿನ್‌ಗ್ರಾದ್ ಒಬ್ಲಾಸ್ತಿನ ಗೋಡೆ ನಕ್ಷೆ: ಗೆರೆ ಚೆನ್ನಾಗಿದೆ, ಪಟ್ಟಿ ಹಳೇದು

ಪೀಟರ್ಸ್‌ಬರ್ಗ್ ಸುತ್ತಮುತ್ತ ಬಾಡಿಗೆ ಮನೆ ಹುಡುಕುತ್ತಿರುವವರು, ಅಲ್ಲಿಗೆ ಕೆಲಸಕ್ಕೋ ಓದೋಕೋ ಬಂದು ಕಾಗದಪತ್ರದ ಗೋಜಲಿನಲ್ಲಿ ಸಿಕ್ಕಿಕೊಂಡವರು, ಇಲ್ಲಾ ಸುಮ್ನೆ ನಕ್ಷೆ ನೋಡುವ ಹುಚ್ಚು ಇರುವವರು, ಈ ಮೂರು ಥರದವರಿಗೂ ಈ ನಕ್ಷೆ ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಜೊತೆಗೆ ಕೊಡುವ ಪುಟ್ಟ ಪುಸ್ತಕವನ್ನು ಪೂರ್ತಿ ನಂಬಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದವಾಗಿದೆ.

ವಸ್ತು ಏನು ಅಂದರೆ ಲೆನಿನ್‌ಗ್ರಾದ್ ಒಬ್ಲಾಸ್ತಿನ (ಒಬ್ಲಾಸ್ತ್ ಅಂದರೆ ರಷ್ಯಾದಲ್ಲಿ ಒಂದು ಪ್ರಾಂತ್ಯ) ಆಡಳಿತ ನಕ್ಷೆ. ಲ್ಯಾಮಿನೇಟ್ ಮಾಡಿದ ದೊಡ್ಡ ಹಾಳೆ, ಒಂದು ಸೆಂಟಿಮೀಟರಿಗೆ ಐದು ಕಿಲೋಮೀಟರ್. ರಟ್ಟಿನ ಕೊಳವೆಯಲ್ಲಿ ಸುತ್ತಿ ಕೊಡುತ್ತಾರೆ, ಜೊತೆಗೆ ಊರುಗಳ ಪಟ್ಟಿ ಇರುವ ಪುಟ್ಟ ಪುಸ್ತಕ. ಪೀಟರ್ಸ್‌ಬರ್ಗಿನ ಪುಸ್ತಕದಂಗಡಿಯಲ್ಲಿ ತಗೊಂಡೆ, ಸಾವಿರ ರೂಬಲ್‌ಗೆ ಸ್ವಲ್ಪ ಮೇಲಾಯಿತು. ಪ್ರಕಾಶಕರ ಹೆಸರು ಬೇಡ. ಇದೇ ಅಳತೆಯ ನಕ್ಷೆ ಬೇರೆಯವರದ್ದೂ ಸಿಗುತ್ತದೆ, ಇಲ್ಲಿ ಹೇಳಿರುವ ವಿಷಯಗಳನ್ನು ಯಾವುದರಲ್ಲಿ ಬೇಕಾದರೂ ಪರೀಕ್ಷೆ ಮಾಡಿ ನೋಡಬಹುದು.

ಮೊಬೈಲಿನಲ್ಲೇ ಮ್ಯಾಪ್ ಇದೆಯಲ್ಲ, ಗೋಡೆಗೆ ಯಾಕೆ ಅಂತ ಕೇಳಬಹುದು. ಮೊಬೈಲು ದಾರಿ ತೋರಿಸುವುದರಲ್ಲಿ ನಿಸ್ಸೀಮ. ನೀವು ನಿಂತಿರುವ ಜಾಗ ಯಾವ ಆಡಳಿತಕ್ಕೆ ಸೇರಿದ್ದು ಅನ್ನೋದನ್ನು ಮಾತ್ರ ಅದು ಬಾಯಿ ಬಿಟ್ಟು ಹೇಳುವುದಿಲ್ಲ. ಎಲ್ಲವೂ ಒಂದೇ ಬೂದು ಬಣ್ಣ, ಗಡಿ ನೋಡಬೇಕಾದರೆ ಕಣ್ಣು ಕಿರಿದು ಮಾಡಿ ಹುಡುಕಬೇಕು. ಪೀಟರ್ಸ್‌ಬರ್ಗಿನಲ್ಲಿ ಈ ಗಡಿಯೇ ದೊಡ್ಡ ವಿಷಯ. ಯಾಕೆಂದರೆ ನಗರ ಒಂದು ಪ್ರದೇಶ, ಅದರ ಸುತ್ತ ಇರುವ ಒಬ್ಲಾಸ್ತ್ ಇನ್ನೊಂದು ಪ್ರದೇಶ. ರಷ್ಯಾದ ಸಂವಿಧಾನದ ಲೆಕ್ಕದಲ್ಲಿ ಎರಡೂ ಸರಿಸಮ. ಗವರ್ನರ್ ಬೇರೆ, ಶಾಸನಸಭೆ ಬೇರೆ, ಬಜೆಟ್ ಬೇರೆ, ಕಾರಿನ ನಂಬರ್ ಪ್ಲೇಟಿನ ಕೋಡ್ ಕೂಡ ಬೇರೆ: ನಗರಕ್ಕೆ 78, ಒಬ್ಲಾಸ್ತಿಗೆ 47. ನಗರದ ಹೆಸರು 1991ರಲ್ಲಿ ಲೆನಿನ್‌ಗ್ರಾದ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್ ಆಯಿತು, ಒಬ್ಲಾಸ್ತ್ ಮಾತ್ರ ಹಳೆ ಹೆಸರನ್ನೇ ಇಟ್ಟುಕೊಂಡು ಕೂತಿದೆ. ಹೊಸದಾಗಿ ಬಂದವರು ಎರಡೂ ಒಂದೇ ಅಂದುಕೊಳ್ಳುವುದು ಸಹಜ ಅಲ್ವಾ.

ಈಗ ನಕ್ಷೆಯ ಒಳ್ಳೆಯ ಗುಣ. ಬಣ್ಣ ಹಾಕಿರುವುದು ತುಂಬ ಚೆನ್ನಾಗಿದೆ. ಒಬ್ಲಾಸ್ತಿನಲ್ಲಿ 17 ರಯೋನ್‌ಗಳಿವೆ, ಅಂದರೆ ಜಿಲ್ಲೆಗಳು, ಜೊತೆಗೆ ಅಣುವಿದ್ಯುತ್ ಸ್ಥಾವರ ಇರುವ ಸೊಸ್ನೊವಿ ಬೋರ್ ಅನ್ನುವ ಊರು ಪ್ರತ್ಯೇಕ. ಅಕ್ಕಪಕ್ಕದ ಎರಡು ರಯೋನ್‌ಗಳಿಗೆ ಎಲ್ಲೂ ಒಂದೇ ಬಣ್ಣ ಬಂದಿಲ್ಲ. ಫಿನ್ಲೆಂಡ್ ಗಡಿಗೆ ಅಂಟಿಕೊಂಡ ವಿಬೋರ್ಗ್ ತಿಳಿ ಹಸಿರು, ಅದರ ಪಕ್ಕದ ಪ್ರಿಯೊಝೆರ್ಸ್ಕ್ ಹಳದಿ, ಕೆಳಗೆ ವ್ಸೆವೊಲೊಝ್‌ಸ್ಕ್ ಗುಲಾಬಿ, ಹೀಗೆ. ಎಸ್ಟೋನಿಯಾ ಕಡೆಗೆ ಕಿಂಗಿಸೆಪ್ ಮತ್ತು ಸ್ಲಾನ್ತ್ಸಿ, ದಕ್ಷಿಣಕ್ಕೆ ಲುಗಾ, ಪೂರ್ವದ ತುದಿಯಲ್ಲಿ ಪೊದ್‌ಪೊರೊಝ್ಯೆ ಮತ್ತು ಬೊಕ್ಸಿತೊಗೊರ್ಸ್ಕ್. ಲಾದೊಗಾ ಸರೋವರ ಯುರೋಪಿನಲ್ಲೇ ದೊಡ್ಡದು, ಹಾಳೆಯ ಮೇಲ್ಭಾಗವನ್ನೆಲ್ಲ ಅದೇ ತಿಂದುಬಿಟ್ಟಿದೆ. ನೀರಿನ ನಡುವೆ ಕರೇಲಿಯಾ ಗಣರಾಜ್ಯದ ಗಡಿ ಚುಕ್ಕೆ ಚುಕ್ಕೆಯಾಗಿ ಹಾದುಹೋಗುವುದನ್ನೂ ಬಿಡದೆ ಹಾಕಿದ್ದಾರೆ.

ನಗರದ ಗಡಿಯನ್ನು ದಪ್ಪ ಕೆಂಪು ಗೆರೆಯಲ್ಲಿ ಎಳೆದಿದ್ದಾರೆ. ನನಗೆ ಕೊಟ್ಟ ದುಡ್ಡು ವಸೂಲಾಗಿದ್ದು ಈ ಒಂದು ಗೆರೆಯಿಂದ. ಅದು ಎಷ್ಟು ವಿಚಿತ್ರವಾಗಿ ಓಡುತ್ತದೆ ಅಂದರೆ ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಫಿನ್ಲೆಂಡ್ ಕೊಲ್ಲಿಯ ಉತ್ತರ ದಡದಲ್ಲಿ ಅದು ಝೆಲೆನೊಗೊರ್ಸ್ಕ್ ದಾಟಿ ಹೋಗುತ್ತದೆ. ಆ ಊರು ನಗರದ ನಡುಭಾಗದಿಂದ ಸುಮಾರು 50 ಕಿಲೋಮೀಟರ್ ದೂರ, ಸುತ್ತ ಪೈನ್ ಮರಗಳು, ಸಮುದ್ರದ ದಂಡೆ. ಆದರೂ ಅದು ಪೀಟರ್ಸ್‌ಬರ್ಗ್. ಇತ್ತ ಮುರಿನೊ ನೋಡಿ. ಮೆಟ್ರೋದ ಕೆಂಪು ಮಾರ್ಗದ ಕೊನೆಯ ನಿಲ್ದಾಣ ದೆವ್ಯಾತ್ಕಿನೊ ಇರುವುದು ಅಲ್ಲೇ, 1978ರಲ್ಲಿ ಶುರುವಾಗಿದ್ದು. ಆ ಮೆಟ್ರೋದಲ್ಲಿ ನಗರದ ಗಡಿಯಾಚೆ ಇರುವ ನಿಲ್ದಾಣ ಅದೊಂದೇ. ಮೆಟ್ರೋ ನಗರದ್ದು, ನೀವು ಇಳಿಯುವ ನೆಲ ಒಬ್ಲಾಸ್ತಿನದು. ಬಾಡಿಗೆ ಮನೆಯ ಜಾಹೀರಾತಿನಲ್ಲಿ 'ಮೆಟ್ರೋಗೆ ಐದು ನಿಮಿಷದ ನಡಿಗೆ' ಅಂತ ದೊಡ್ಡದಾಗಿ ಹಾಕಿರುತ್ತಾರೆ. ಮನೆ ಬೇರೆ ಪ್ರದೇಶದಲ್ಲಿದೆ, ನಿಮ್ಮ ಆಸ್ಪತ್ರೆ, ಪೊಲೀಸು, ರಿಜಿಸ್ಟ್ರೇಷನ್ ಎಲ್ಲ ವ್ಸೆವೊಲೊಝ್‌ಸ್ಕ್ ಕಡೆಗೆ ಅನ್ನುವ ಮಾತು ಎಲ್ಲೂ ಇರುವುದಿಲ್ಲ. ಈ ನಕ್ಷೆಯಲ್ಲಿ ಬೆರಳಿಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನು ದೂರುಗಳು. ಮೊದಲನೆಯದು ಲೊಮೊನೊಸೊವ್.

ಪ್ರತಿ ರಯೋನಿನ ಕೇಂದ್ರಕ್ಕೆ ಒಂದು ಕಪ್ಪು ನಕ್ಷತ್ರ ಹಾಕಿದ್ದಾರೆ. ಲುಗಾ ರಯೋನಿಗೆ ಲುಗಾ, ತಿಖ್ವಿನ್ ರಯೋನಿಗೆ ತಿಖ್ವಿನ್, ಸಲೀಸು. ಲೊಮೊನೊಸೊವ್ ರಯೋನಿನ ಒಳಗೆ ಮಾತ್ರ ಎಷ್ಟು ಹುಡುಕಿದರೂ ನಕ್ಷತ್ರ ಸಿಗುವುದಿಲ್ಲ. ಅದು ಕೆಂಪು ಗೆರೆಯಾಚೆ, ನಗರದ ಬಣ್ಣದೊಳಗೆ ಇದೆ. ಇದು ಮುದ್ರಣದ ದೋಷವಲ್ಲ, ನಿಜವಾಗಿಯೂ ಹಾಗೇ ಇದೆ. ಲೊಮೊನೊಸೊವ್ ಊರು, ಅಂದರೆ 1948ರವರೆಗೆ ಒರಾನಿಯೆನ್‌ಬೌಮ್ ಅನ್ನಿಸಿಕೊಂಡಿದ್ದ ಅರಮನೆಯ ಊರು, ಪೀಟರ್ಸ್‌ಬರ್ಗ್ ನಗರಕ್ಕೆ ಸೇರಿದೆ. ಅದರ ಹೆಸರಿನ ರಯೋನ್ ಒಬ್ಲಾಸ್ತಿಗೆ ಸೇರಿದೆ. ರಯೋನಿನ ಆಡಳಿತ ಕಚೇರಿ ಇರುವುದು ಬೇರೆ ಪ್ರದೇಶದ ಊರಿನಲ್ಲಿ. ಇನ್ನೂ ಮಜಾ ಅಂದರೆ ಆ ರಯೋನಿನ ಒಳಗೆ ನಗರ ಅನ್ನುವ ದರ್ಜೆಯ ಊರು ಒಂದೂ ಇಲ್ಲ, ಬರೀ ಸಣ್ಣ ವಸತಿಗಳು ಮತ್ತು ಹಳ್ಳಿಗಳು. ಇಷ್ಟು ಸ್ವಾರಸ್ಯದ ವಿಷಯಕ್ಕೆ ಒಂದು ಸಾಲಿನ ಟಿಪ್ಪಣಿ ಹಾಕಬಾರದಿತ್ತಾ? ನಕ್ಷೆಯ ಮೂಲೆಯಲ್ಲಿ ಜಾಗ ಬೇಕಾದಷ್ಟಿದೆ. ಕರೇಲಿಯಾದ ಮೇಲೆ ಒಂದು ಹಡಗಿನ ಚಿತ್ರ ಬಿಡಿಸಿದ್ದಾರೆ, ಅದರ ಬದಲು ಇದನ್ನು ಬರೆಯಬಹುದಿತ್ತು.

ಇಡೀ ಒಬ್ಲಾಸ್ತಿನ ಕೇಂದ್ರದ ಕಥೆಯೂ ಇದೇ ಥರ. ಬಹಳ ಕಾಲ ಅದಕ್ಕೆ ಅಂತ ಒಂದು ಆಡಳಿತ ಕೇಂದ್ರವೇ ಇರಲಿಲ್ಲ, ಕಚೇರಿಗಳೆಲ್ಲ ನಗರದಲ್ಲೇ. 2021ರಲ್ಲಿ ಗಾಚಿನಾ ಊರನ್ನು ಕೇಂದ್ರ ಅಂತ ಘೋಷಿಸಿದರು. ನನ್ನ ಪ್ರತಿಯಲ್ಲಿ ಗಾಚಿನಾಗೆ ಬರೀ ಸಾಮಾನ್ಯ ನಕ್ಷತ್ರವಿದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣದ ವರ್ಷ 2020 ಅಂತಿದೆ, ಹಾಗಾಗಿ ಇದನ್ನು ಕ್ಷಮಿಸಬಹುದು. ಅಂಗಡಿಯವರು ಹಳೆ ಪ್ರತಿಯನ್ನು ಹೊಸ ಬೆಲೆಗೆ ಮಾರುವುದನ್ನು ಮಾತ್ರ ಕ್ಷಮಿಸೋಕೆ ಆಗಲ್ಲ.

ಎರಡನೇ ದೂರು, ಒಂದೇ ಹೆಸರಿನ ಜಿಲ್ಲೆಗಳು. ಇದು ನಿಜಕ್ಕೂ ತಲೆನೋವು. ಪೀಟರ್ಸ್‌ಬರ್ಗ್ ನಗರದೊಳಗೂ ರಯೋನ್‌ಗಳಿವೆ, ಒಟ್ಟು 18. ಅದರಲ್ಲಿ ಒಂದರ ಹೆಸರು ವಿಬೋರ್ಗ್‌ಸ್ಕಿ. ಒಬ್ಲಾಸ್ತಿನಲ್ಲೂ ಒಂದು ವಿಬೋರ್ಗ್‌ಸ್ಕಿ ರಯೋನ್ ಇದೆ, ಮೇಲೆ ವಿಬೋರ್ಗ್ ಅಂದಿದ್ದು ಅದನ್ನೇ. ನಗರದಲ್ಲಿ ಕಿರೋವ್‌ಸ್ಕಿ ರಯೋನ್, ಒಬ್ಲಾಸ್ತಿನಲ್ಲೂ ಕಿರೋವ್‌ಸ್ಕಿ ರಯೋನ್. ನಗರದಲ್ಲಿ ಪ್ರಿಮೋರ್ಸ್ಕಿ ಅಂತ ಒಂದು ರಯೋನ್, ಒಬ್ಲಾಸ್ತಿನ ವಿಬೋರ್ಗ್ ಕಡೆ ಪ್ರಿಮೋರ್ಸ್ಕ್ ಅಂತ ಒಂದು ಊರು. ಸಾಲದು ಅಂತ ಕಿರೋವ್‌ಸ್ಕ್ ಅನ್ನುವ ಊರು ಇಲ್ಲೂ ಇದೆ, ದೂರದ ಮುರ್ಮಾನ್ಸ್ಕ್ ಒಬ್ಲಾಸ್ತಿನಲ್ಲೂ ಇದೆ. ನನ್ನ ಪರಿಚಯದ ಹುಡುಗನೊಬ್ಬ ನಗರದ ವಿಬೋರ್ಗ್‌ಸ್ಕಿಯಲ್ಲಿ ಇರುತ್ತಾನೆ. ಅವನ ಚಳಿಗಾಲದ ಜಾಕೆಟ್ ಇದ್ದ ಪಾರ್ಸೆಲ್ ವಿಬೋರ್ಗ್ ಊರಿಗೆ ಹೋಗಿ ಕೂತಿತ್ತು. ಸುಮಾರು 130 ಕಿಲೋಮೀಟರ್ ದೂರ, ಇನ್ನೇನು ಫಿನ್ಲೆಂಡ್ ಬಂತು ಅನ್ನುವ ಜಾಗ. ಅವನು ಟ್ರ್ಯಾಕಿಂಗ್ ನೋಡಿ ನಕ್ಕು ಸುಮ್ಮನಾದ, ಬೇರೆ ದಾರಿಯೂ ಇರಲಿಲ್ಲ.

ಇಂಥ ಗೊಂದಲ ಇರುವ ಕಡೆ ನಕ್ಷೆ ಮಾಡುವವರು ಸ್ವಲ್ಪ ಎಚ್ಚರ ವಹಿಸಬೇಕು. ಇವರು ಕೆಳಗಿನ ಬಲ ಮೂಲೆಯಲ್ಲಿ, ನವ್ಗೊರೊದ್ ಒಬ್ಲಾಸ್ತಿನ ಮೇಲೆ, ಚೌಕ ಹಾಕಿ ನಗರದ ರಯೋನ್‌ಗಳನ್ನು ಬೇರೆಯಾಗಿ ತೋರಿಸಿದ್ದಾರೆ. ಅದು ಸರಿ. ಆದರೆ ಪುಸ್ತಕದ ಪಟ್ಟಿಯಲ್ಲಿ ಎರಡನ್ನೂ ಕಲಸಿ ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಟ್ಟಿದ್ದಾರೆ. ವಿಬೋರ್ಗ್‌ಸ್ಕಿ ರಯೋನ್ ಅಂತ ಮೇಲೆ ಕೆಳಗೆ ಎರಡು ಸಾಲು, ಒಂದೇ ಅಕ್ಷರ, ಒಂದೇ ದಪ್ಪ. ಪಕ್ಕದಲ್ಲಿ ಚೌಕದ ಸಂಖ್ಯೆ ಮಾತ್ರ ಬೇರೆ. ಯಾವುದು ನಗರದ್ದು, ಯಾವುದು ಒಬ್ಲಾಸ್ತಿನದು ಅಂತ ತಿಳಿಯಬೇಕಾದರೆ ಎದ್ದು ಹೋಗಿ ಗೋಡೆಯಲ್ಲೇ ನೋಡಬೇಕು. ಹಾಗಾದರೆ ಪುಸ್ತಕ ಯಾಕೆ?

ಅದೇ ಪುಸ್ತಕದಲ್ಲಿ ಪ್ರತಿ ರಯೋನಿನ ಪಕ್ಕ ಒಂದು ಕೋಡ್ ಕೊಟ್ಟಿದ್ದಾರೆ. ನೋಡಿ ಖುಷಿಯಾಗಿತ್ತು, ತೆರಿಗೆ ಫಾರಂ ತುಂಬುವಾಗ ಬೇಕಾಗುವುದು ಅದೇ. ವ್ಸೆವೊಲೊಝ್‌ಸ್ಕ್ ಎದುರಿಗೆ 41212 ಅಂತಿದೆ. ಅದು ಒಕಾಟೊ ಅನ್ನುವ ಹಳೆ ಕೋಡ್. 2014ರಿಂದ ತೆರಿಗೆ ಪಾವತಿಗೆ ಬಳಸುವುದು ಒಕ್ಟಿಎಂಒ ಕೋಡ್, ಅದರಲ್ಲಿ ಇದೇ ಜಿಲ್ಲೆ 41612ರಿಂದ ಶುರುವಾಗುತ್ತದೆ. ಎರಡರಲ್ಲೂ ಮೊದಲ 41 ಅಂದರೆ ಒಬ್ಲಾಸ್ತ್, ನಗರಕ್ಕೆ 40. 2020ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆರು ವರ್ಷ ಹಳೇ ಕೋಡ್ ಯಾಕೆ ಅಂತ ಯಾರಾದರೂ ಹೇಳಬೇಕು. ಹಿಂದಿನ ಆವೃತ್ತಿಯ ಪುಟವನ್ನೇ ಎತ್ತಿ ಹಾಕಿರಬೇಕು, ಬೇರೇನೂ ತೋಚುತ್ತಿಲ್ಲ.

ಊರುಗಳ ವಿಷಯಕ್ಕೆ ಬರೋಣ, ನನಗೆ ಇಷ್ಟದ ಭಾಗ ಇದು. ಒಬ್ಲಾಸ್ತಿನಲ್ಲಿ ನಗರ ದರ್ಜೆ ಇರುವ ಊರುಗಳು 33. ಕುದ್ರೊವೊಗೆ ಆ ದರ್ಜೆ ಸಿಕ್ಕಿದ್ದು 2018ರಲ್ಲಿ, ಮುರಿನೊಗೆ 2019ರಲ್ಲಿ. ಎರಡೂ ಪೀಟರ್ಸ್‌ಬರ್ಗಿನ ಅಂಚಿನಲ್ಲಿ ಇಪ್ಪತ್ತೈದು ಮಹಡಿಯ ಕಟ್ಟಡಗಳು ಸಾಲುಗಟ್ಟಿ ಎದ್ದ ಜಾಗಗಳು. ಮುರಿನೊದ ಜನಸಂಖ್ಯೆ 2021ರ ಜನಗಣತಿಯಲ್ಲೇ ಸುಮಾರು 89 ಸಾವಿರ ಇತ್ತು, ತನ್ನ ಜಿಲ್ಲಾ ಕೇಂದ್ರ ವ್ಸೆವೊಲೊಝ್‌ಸ್ಕ್‌ಗಿಂತ ಅದೇ ದೊಡ್ಡದು. ನಕ್ಷೆಯಲ್ಲಿ ನಗರಗಳಿಗೆ ನೇರವಾದ ದೊಡ್ಡಕ್ಷರ, ಸಣ್ಣ ವಸತಿಗಳಿಗೆ ಓರೆ ಅಕ್ಷರ ಅಂತ ನಿಯಮ ಇಟ್ಟುಕೊಂಡಿದ್ದಾರೆ. ಮುರಿನೊ ಓರೆ ಅಕ್ಷರದಲ್ಲಿದೆ! ಪುಸ್ತಕದಲ್ಲಿ ನೋಡಿದರೆ ನಗರ ಅಂತ ಬರೆದಿದ್ದಾರೆ. ಕುದ್ರೊವೊ ಎರಡು ಕಡೆಯೂ ಸರಿಯಾಗಿದೆ. ಅಂದರೆ ಪಟ್ಟಿ ತಿದ್ದಿದವರು ಒಬ್ಬರು, ಹಾಳೆ ತಿದ್ದಿದವರು ಇನ್ನೊಬ್ಬರು, ಅವರಿಬ್ಬರೂ ಮಾತಾಡಿಕೊಂಡಿಲ್ಲ.

ಇದರ ತದ್ವಿರುದ್ಧ ಕಡೆ ವಿಸೋತ್ಸ್ಕ್ ಇದೆ, ವಿಬೋರ್ಗ್ ಹತ್ತಿರದ ದ್ವೀಪದ ಮೇಲಿನ ಬಂದರು. ಸಾವಿರ ಜನರ ಆಸುಪಾಸು, ಆದರೂ ಅದು ನಗರ. ರಷ್ಯಾದ ತೀರಾ ಚಿಕ್ಕ ನಗರಗಳಲ್ಲಿ ಅದೂ ಒಂದು. ಸೋವಿಯತ್ ಕಾಲದ 1957ರ ನಿಯಮದ ಪ್ರಕಾರ ನಗರ ಅನ್ನಿಸಿಕೊಳ್ಳೋಕೆ ಕನಿಷ್ಠ 12 ಸಾವಿರ ಜನ ಬೇಕಿತ್ತು, ಅವರಲ್ಲೂ ಹೆಚ್ಚಿನವರು ಬೇಸಾಯ ಬಿಟ್ಟು ಬೇರೆ ಕಸುಬಿನವರಾಗಿರಬೇಕಿತ್ತು. ಆದರೆ ಒಮ್ಮೆ ಸಿಕ್ಕ ದರ್ಜೆಯನ್ನು ಕಿತ್ತುಕೊಳ್ಳುವುದು ಅಪರೂಪ. ಇನ್ನು ಸ್ತಾರಾಯ ಲಾದೊಗಾ. ವೊಲ್ಖೊವ್ ನದಿಯ ದಡದ ಈ ಊರು 753ರ ಹೊತ್ತಿನದು ಅಂತ ಅಗೆತದಲ್ಲಿ ಸಿಕ್ಕ ಮರದ ತುಂಡುಗಳಿಂದ ಲೆಕ್ಕ ಹಾಕಿದ್ದಾರೆ, 2003ರಲ್ಲಿ ಅದರ 1250ನೇ ವರ್ಷದ ಹಬ್ಬವೂ ಆಯಿತು. ಕೋಟೆ ಇದೆ, ಹಳೆಯ ಇಗರ್ಜಿಗಳಿವೆ, ರಷ್ಯಾದ ಮೊದಲ ರಾಜಧಾನಿ ಅಂತ ಬೋರ್ಡೂ ಹಾಕಿಕೊಳ್ಳುತ್ತಾರೆ. ಆಡಳಿತದ ಲೆಕ್ಕದಲ್ಲಿ ಮಾತ್ರ ಅದು ಒಂದು ಹಳ್ಳಿ. ಪಕ್ಕದ ನೊವಾಯ ಲಾದೊಗಾ, ಹೆಸರಲ್ಲೇ ಹೊಸತು ಅಂತಿರುವುದು, ನಗರ. ನಕ್ಷೆಯಲ್ಲಿ ಇವೆರಡೂ ಒಂದು ಬೆರಳಿನ ಅಂತರದಲ್ಲಿವೆ, ಒಂದು ನೇರ ಅಕ್ಷರ, ಒಂದು ಓರೆ. ಇಲ್ಲಿ ಅವರು ನಿಯಮ ತಪ್ಪಿಲ್ಲ, ಶಭಾಷ್.

ಹಳೆ ಹೆಸರುಗಳನ್ನು ಕಂಸದಲ್ಲಿ ಕೊಟ್ಟಿರುವುದು ಇನ್ನೊಂದು ಒಳ್ಳೆ ಕೆಲಸ. ಕಿಂಗಿಸೆಪ್ ಕೆಳಗೆ ಯಾಂಬುರ್ಗ್, ಪ್ರಿಯೊಝೆರ್ಸ್ಕ್ ಕೆಳಗೆ ಕೆಕ್ಸ್‌ಹೋಲ್ಮ್. ನೇವಾ ನದಿ ಹುಟ್ಟುವ ಜಾಗದಲ್ಲಿರುವ ಶ್ಲಿಸೆಲ್‌ಬುರ್ಗ್ 1944ರಿಂದ 1992ರವರೆಗೆ ಪೆತ್ರೊಕ್ರೆಪೋಸ್ತ್ ಆಗಿತ್ತು, ಅದೂ ಇದೆ. ನದಿಯ ಆಚೆ ದಡದಲ್ಲಿರುವ ರೈಲು ನಿಲ್ದಾಣಕ್ಕೆ ಇನ್ನೂ ಪೆತ್ರೊಕ್ರೆಪೋಸ್ತ್ ಅಂತಲೇ ಹೆಸರು, ಟಿಕೆಟ್ ತಗೊಳ್ಳುವಾಗ ನೆನಪಿರಲಿ.

ಮೂರನೇ ದೂರು ಸ್ವಲ್ಪ ಒಣ ವಿಷಯ, ಆದರೆ ಅಲ್ಲಿ ವಾಸ ಮಾಡುವವರಿಗೆ ಮುಖ್ಯ. ರಷ್ಯಾದಲ್ಲಿ ಒಂದೇ ನೆಲಕ್ಕೆ ಎರಡು ಹಂಚಿಕೆ ಇದೆ. ಒಂದು ಆಡಳಿತದ ಹಂಚಿಕೆ, ಅದೇ ಈ ರಯೋನ್‌ಗಳು. ಇನ್ನೊಂದು ಸ್ಥಳೀಯ ಸಂಸ್ಥೆಗಳದ್ದು, 2003ರ 131ನೇ ಕಾನೂನಿನಿಂದ ಬಂದದ್ದು. ಅದರಲ್ಲಿ ರಯೋನ್ ಮೇಲಿನ ಹಂತ, ಅದರ ಕೆಳಗೆ ಒಂದೊಂದು ಊರಿಗೋ ಹಳ್ಳಿಗಳ ಗುಂಪಿಗೋ ಪ್ರತ್ಯೇಕ ಸಂಸ್ಥೆ. ಮುರಿನೊದಲ್ಲಿ ಅಂಗಳದ ದೀಪ ಕೆಟ್ಟರೆ, ಆಟದ ಜೋಕಾಲಿ ಮುರಿದರೆ ಊರಿನ ಸಂಸ್ಥೆ. ಸರ್ಕಾರಿ ಶಾಲೆಯ ಸೀಟಿಗೆ ರಯೋನ್. ಆಸ್ಪತ್ರೆಗೆ ಒಬ್ಲಾಸ್ತ್. ಮೆಟ್ರೋ ಬಗ್ಗೆ ಬೈಯಬೇಕಾದರೆ ನಗರ. ನಾಲ್ಕು ಬಾಗಿಲು! ನಮ್ಮ ಮೆಟ್ಟಿಲ ಮೇಲಿನ ಮನೆಯ ಅಜ್ಜಿಗೆ ಇದೆಲ್ಲ ಬಾಯಿಪಾಠ, ಯಾವ ದೂರಿಗೆ ಯಾವ ಫೋನ್ ನಂಬರ್ ಅಂತ ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದಾರೆ. ನಕ್ಷೆಯಲ್ಲಿ ಈ ಕೆಳಗಿನ ಹಂತದ ಗಡಿ ಕೂದಲೆಳೆಯಷ್ಟು ಸಣ್ಣ ಬೂದು ಗೆರೆ, ಹೆಸರೇ ಹಾಕಿಲ್ಲ. ಲ್ಯಾಮಿನೇಷನ್ ಮೇಲೆ ಬೆಳಕು ಬಿದ್ದರೆ ಅದೂ ಕಾಣುವುದಿಲ್ಲ.

ಅವರ ಕಷ್ಟವೂ ಅರ್ಥವಾಗುತ್ತದೆ ಬಿಡಿ, ಈ ಹಂತ ಯಾವಾಗಲೂ ಬದಲಾಗುತ್ತಿರುತ್ತದೆ. 2019ರಲ್ಲಿ ಮುನಿಸಿಪಲ್ ಒಕ್ರುಗ್ ಅಂತ ಹೊಸ ಬಗೆ ತಂದರು, ಅದರಲ್ಲಿ ಕೆಳಗಿನ ಹಂತ ತೆಗೆದು ಇಡೀ ಜಿಲ್ಲೆಗೆ ಒಂದೇ ಸಂಸ್ಥೆ. ಗಾಚಿನಾ ಇತ್ತೀಚೆಗೆ ಹಾಗೆ ಆಯಿತು. ಮಾಸ್ಕೋ ಒಬ್ಲಾಸ್ತಿನಲ್ಲಂತೂ ಹಳೆ ರಯೋನ್‌ಗಳೆಲ್ಲ ಹೋಗಿ ಒಕ್ರುಗ್‌ಗಳೇ ತುಂಬಿವೆ. 2025ರ ಮಾರ್ಚಿನಲ್ಲಿ ಸ್ಥಳೀಯ ಸಂಸ್ಥೆಗಳ ಬಗ್ಗೆ ಹೊಸ ಕಾನೂನೇ ಬಂತು. ಒಂದು ಹಂತವೋ ಎರಡು ಹಂತವೋ ಅನ್ನುವುದನ್ನು ಆಯಾ ಪ್ರದೇಶಕ್ಕೆ ಬಿಟ್ಟಿದೆ. ಹಾಗಾಗಿ ಈ ಸಣ್ಣ ಗೆರೆಗಳಿಗೋಸ್ಕರ ಯಾರೂ ನಕ್ಷೆ ಕೊಳ್ಳಬೇಡಿ. ರಯೋನ್ ಗಡಿ, ನಗರದ ಗಡಿ, ಇವೆರಡಕ್ಕೆ ಕೊಳ್ಳಿ.

ಪೂರ್ವದ ಭಾಗದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕಾಡು, ಜೌಗು, ಸಣ್ಣ ಕೆರೆಗಳು. ಅಲ್ಲಿ ಅಕ್ಷರಗಳು ಆರಾಮವಾಗಿ ಉಸಿರಾಡುತ್ತವೆ. ಪೊದ್‌ಪೊರೊಝ್ಯೆ ರಯೋನ್ ಪೂರ್ತಿ ಸೇರಿಸಿದರೂ ಮೂವತ್ತು ಸಾವಿರ ಜನವಿಲ್ಲ, ವ್ಸೆವೊಲೊಝ್‌ಸ್ಕ್ ಐದು ಲಕ್ಷ ದಾಟಿದೆ. ಬೊಕ್ಸಿತೊಗೊರ್ಸ್ಕ್ ರಯೋನಿನಲ್ಲಿ ಕೇಂದ್ರಕ್ಕಿಂತ ಪಿಕಾಲ್ಯೊವೊ ದೊಡ್ಡ ಊರು. ಕಾರ್ಖಾನೆಗಳು ನಿಂತುಹೋಗಿ 2009ರಲ್ಲಿ ಜನ ಹೆದ್ದಾರಿಗೆ ಅಡ್ಡ ಕೂತಿದ್ದರು, ಪುಟಿನ್ ಬರಬೇಕಾಯಿತು, ಅದೇ ಪಿಕಾಲ್ಯೊವೊ.

ಗಡಿ ವಲಯವನ್ನು ಓರೆ ಗೀಟುಗಳಲ್ಲಿ ತೋರಿಸಿರುವುದು ಉಪಯೋಗಕ್ಕೆ ಬರುತ್ತದೆ. ವಿಬೋರ್ಗ್ ಊರಿಗೆ ಆರಾಮವಾಗಿ ಹೋಗಿ ಬರಬಹುದು. ಎಸ್ಟೋನಿಯಾದ ನಾರ್ವಾ ಕೋಟೆಯ ಎದುರಿಗಿರುವ ಇವಾನ್‌ಗೊರೊದ್ ನೋಡಬೇಕೆಂದರೆ ವಿದೇಶಿಯರಿಗೆ ಮೊದಲೇ ಪರವಾನಗಿ ಬೇಕು. ಪ್ರವಾಸದ ಯೋಜನೆ ಹಾಕುವ ಮುಂಚೆ ಆ ಗೀಟುಗಳನ್ನು ಒಮ್ಮೆ ನೋಡಿಕೊಳ್ಳಿ, ಆಮೇಲೆ ಈಗಿನ ನಿಯಮ ಏನಿದೆ ಅಂತ ವಿಚಾರಿಸಿ.

ಕಾಗದ ದಪ್ಪ, ಅಂಚು ಹರಿಯುವುದಿಲ್ಲ. ಕೊಳವೆಯಿಂದ ತೆಗೆದ ಮೇಲೆ ಸುರುಳಿ ಬಿಡಿಸೋಕೆ ನಾಲ್ಕು ಮೂಲೆಗೂ ಭಾರ ಇಟ್ಟು ಎರಡು ಮೂರು ದಿನ ನೆಲದ ಮೇಲೆ ಬಿಡಬೇಕು. ಕಿಟಕಿಯ ಎದುರು ಗೋಡೆಗೆ ಹಾಕಬೇಡಿ, ಹೊಳಪಿನಲ್ಲಿ ಏನೂ ಓದೋಕಾಗಲ್ಲ. ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೂ ಬೆಳಕಿರುತ್ತದಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹಾಳೆಗೆ ನಾಲ್ಕು, ಪುಸ್ತಕಕ್ಕೆ ಎರಡೂವರೆ ಅಂತ ಬೇಕಾದರೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಕೊಳವೆ ಬಿಚ್ಚಿಸಿ ಮೊದಲು ಮೂಲೆಯ ಮುದ್ರಣದ ವರ್ಷ ನೋಡಿ. ಆಮೇಲೆ ಗಾಚಿನಾಗೆ ಒಬ್ಲಾಸ್ತ್ ಕೇಂದ್ರದ ಗುರುತು ಇದೆಯಾ, ಮುರಿನೊ ನೇರ ಅಕ್ಷರದಲ್ಲಿದೆಯಾ ಅಂತ ನೋಡಿ. ಎರಡೂ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಇಲ್ಲದಿದ್ದರೆ ಹಳೇ ಪ್ರತಿ ಅಂತ ಹೇಳಿ ಬೆಲೆ ಇಳಿಸೋಕೆ ಕೇಳಿ, ನನಗಂತೂ ಇಳಿಸಲಿಲ್ಲ.